ನೋಡಿ ನಲಿಯೋಣ, ಎಣಿಸಿ ಉಳಿಸೋಣ

ದಸರಾ ಮಹೋತ್ಸವ ಸಮೀಪಿಸುತ್ತಿದ್ದಂತೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಜನಸಾಗರವೇ ಸೇರುತ್ತದೆ. ಕಾಡಂಚಿನ ಆ ಊರಿನಿಂದ ಆನೆಗಳು ಮೈಸೂರಿನತ್ತ ಹೊರಡುವ ಗಜಪಯಣವನ್ನು ಕಾಣಲು ಸುತ್ತಮುತ್ತಲ ಹಳ್ಳಿಗಳ ಆಬಾಲವೃದ್ಧರೂ ಬರುತ್ತಾರೆ. ಮಕ್ಕಳು ಕೇಕೆ ಹಾಕುತ್ತಾರೆ, ಹಿರಿಯರು ಕೈಮುಗಿಯುತ್ತಾರೆ. ಪ್ರಾಣಿಯನ್ನು ಕಂಡು ಹಿಗ್ಗುವ ಈ ಗುಣ ನಮ್ಮ ಮಣ್ಣಿನಲ್ಲಿಯೇ ಇದೆ. ಆದರೆ ನೋಡಿ ಹಿಗ್ಗಿದವರೆಲ್ಲರೂ ಕಾಪಾಡುವವರೂ ಆಗುವರೇ? ನಾವು ಯೋಚಿಸಬೇಕಾದ ಪ್ರಶ್ನೆ ಇದು.

ಒಂದು ಕಾಲದಲ್ಲಿ ಇದೇ ಸೀಮೆಯಲ್ಲಿ ವನ್ಯಜೀವಿಯ ಉತ್ಸವವೆಂದರೆ ಅದನ್ನು ಸೆರೆಹಿಡಿಯುವುದೇ ಆಗಿತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಖೆಡ್ಡಾ ದೇಶವಿದೇಶಗಳಲ್ಲಿ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ಸದ್ದುಗದ್ದಲದಿಂದ ಬೆದರಿಸಿ, ಕಬಿನಿ ನದಿಯನ್ನು ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ಅಟ್ಟುವ ದೃಶ್ಯವನ್ನು ಅರಸರೂ ಅವರ ಅತಿಥಿಗಳೂ ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು, ಆನೆಗಳು ಅಡ್ಡಾಡಿದ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿಹೋಯಿತು.

1968ರ ಖೆಡ್ಡಾದಲ್ಲಿ ಸೆರೆಸಿಕ್ಕವನೇ ಬಳ್ಳೆ ಶಿಬಿರದ ಅರ್ಜುನ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ನಾಡಿನ ಕಣ್ಮಣಿಯಾದ ಆ ಆನೆ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣಬಿಟ್ಟಿತು. ಅಂದು ನಾಡೆಲ್ಲ ಮರುಗಿತು. ಆದರೆ ಆ ಕಾರ್ಯಾಚರಣೆ ಏಕೆ ಬೇಕಾಯಿತು, ಕಾಡಾನೆ ತೋಟಕ್ಕೆ ಏಕೆ ಬರುತ್ತದೆ ಎಂದು ಕೇಳಿಕೊಂಡವರು ಕಡಮೆ. ಕಣ್ಣೀರು ಸುಲಭ, ಅರಿವು ಕಷ್ಟ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾವು ನಿಜಕ್ಕೂ ಭಾಗ್ಯವಂತರು. 1955ರಲ್ಲಿ ಅಭಯಾರಣ್ಯವಾಗಿ ಆರಂಭಗೊಂಡ ನಾಗರಹೊಳೆ ಇಂದು 643 ಚದರ ಕಿಲೋಮೀಟರಿನಷ್ಟು ವಿಸ್ತಾರವಾದ ರಾಷ್ಟ್ರೀಯ ಉದ್ಯಾನ. 2022ರ ಗಣತಿಯಂತೆ ಅಲ್ಲಿದ್ದ ಹುಲಿಗಳ ಸಂಖ್ಯೆ 141. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ದಂಡೆಯಲ್ಲಿ ಹಸಿ ಹುಲ್ಲು ಚಿಗುರಿದಾಗ ಅಲ್ಲಿ ಸೇರುವ ಆನೆಗಳ ಹಿಂಡನ್ನು ಕಾಣಲು ದೂರದೇಶಗಳಿಂದ ಪ್ರವಾಸಿಗರು ಬರುತ್ತಾರೆ. ನಮ್ಮವರಲ್ಲಿ ಎಷ್ಟು ಕುಟುಂಬಗಳು ಅದನ್ನು ಕಂಡಿವೆ? ಜೀಪಿನ ಬಾಡಿಗೆ, ವಸತಿಗೃಹದ ಖರ್ಚು ಹಳ್ಳಿಯ ಸಂಸಾರಕ್ಕೆ ಎಟುಕುವಂಥದಲ್ಲ.

ಕಾಡಂಚಿನ ರೈತನಿಗಾದರೋ ಕಾಡು ಕೇವಲ ನೋಟವಲ್ಲ, ನಿತ್ಯದ ಆತಂಕವೂ ಹೌದು. ಹಿಂದೆ ಹೆಗ್ಗಡದೇವನಕೋಟೆಗೆ ಸೇರಿದ್ದ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನಲ್ಲಿ 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರೈತರು ಹುಲಿಯ ದಾಳಿಗೆ ಬಲಿಯಾದರು. ಜನರ ಆಕ್ರೋಶದ ನಡುವೆ ನವೆಂಬರ್ 7ರಂದು ಸರ್ಕಾರವು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಆದೇಶಿಸಿತು. ವನ್ಯಜೀವಿಯ ಸೊಬಗು ಒಬ್ಬರಿಗೆ, ಅದರ ಭಾರ ಮತ್ತೊಬ್ಬರಿಗೆ ಎಂಬ ಸ್ಥಿತಿ ಇರುವ ತನಕ ಸಂರಕ್ಷಣೆಯ ಮಾತು ಕಾಡಂಚಿನ ಮನೆಗಳಲ್ಲಿ ಬೇರೂರಲಾರದು.

ಹಾಗಾದರೆ ನೋಡುವ ಸಂತೋಷವನ್ನೂ ಕಾಪಾಡುವ ಹೊಣೆಯನ್ನೂ ಎಲ್ಲರೂ ಹಂಚಿಕೊಳ್ಳುವ ದಾರಿ ಯಾವುದು? ಅದಕ್ಕೆ ಕಾಡಿಗೇ ಹೋಗಬೇಕಾಗಿಲ್ಲ. ಊರ ಕೆರೆಯ ಏರಿ, ಹೊಲದ ಬದು, ದೇವಾಲಯದ ಆವರಣದ ಹಳೆಯ ಮರ ಇವಿಷ್ಟೇ ಸಾಕು. ಚುಂಚನಕಟ್ಟೆಯ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ತಾರಕ ಜಲಾಶಯ, ಕೃಷ್ಣರಾಜಸಾಗರದ ಹಿನ್ನೀರು ಎಲ್ಲವೂ ಹಕ್ಕಿಗಳ ತವರು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ, ಟಿಟ್ಟಿಭ, ಕಾಜಾಣ, ಗೀಜಗ, ಕೆಂಬೂತಗಳನ್ನು ಕಾಣಲು ಹಣ ಕೊಡಬೇಕಾಗಿಲ್ಲ. ಮುಂಜಾನೆ ಬೇಗ ಏಳಬೇಕು, ಅಷ್ಟೇ.

ಹೀಗೆ ಕಂಡ ಹಕ್ಕಿಗಳನ್ನು ಎಣಿಸಿ ಬರೆದಿಡುವ ಕಾರ್ಯಕ್ರಮಗಳು ಈಗ ನಾಡಿನೆಲ್ಲೆಡೆ ನಡೆಯುತ್ತಿವೆ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ. ಫೆಬ್ರವರಿಯ ಮಧ್ಯದಲ್ಲಿ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಈ ಎಣಿಕೆಯಲ್ಲಿ ಭಾರತವು 2013ರಿಂದ ಭಾಗವಹಿಸುತ್ತಿದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ 12ರ ಆಸುಪಾಸಿನಲ್ಲಿಯೂ ಎಣಿಕೆ ನಡೆಯುತ್ತದೆ. ಮೈಸೂರು ನಗರದ ಪಕ್ಷಿಪ್ರಿಯರು 2014ರಿಂದ 2016ರವರೆಗೆ ತಮ್ಮ ಊರನ್ನೇ ಚೌಕಗಳಾಗಿ ವಿಂಗಡಿಸಿ, ಯಾವ ಹಕ್ಕಿ ಎಲ್ಲಿದೆಯೆಂದು ಗುರುತಿಸಿ ಪಕ್ಷಿಗಳ ನಕ್ಷೆಯನ್ನೇ ಸಿದ್ಧಪಡಿಸಿದರು. ಅವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ, ನಮ್ಮಂಥ ಸಾಮಾನ್ಯರು.

ಎಣಿಸುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ರಣಹದ್ದಿನ ಕಥೆಯೇ ಉತ್ತರ. ಸತ್ತ ದನವನ್ನು ಗಂಟೆಗಳಲ್ಲಿ ತಿಂದು ಮುಗಿಸುತ್ತಿದ್ದ ರಣಹದ್ದುಗಳ ಹಿಂಡನ್ನು ನಮ್ಮ ಹಿರಿಯರು ಕಂಡಿದ್ದಾರೆ. 1990ರ ದಶಕದಲ್ಲಿ ಅವು ದೇಶದೆಲ್ಲೆಡೆ ಮಾಯವಾಗತೊಡಗಿದವು. ರಾಜಸ್ಥಾನದ ಭರತಪುರದಲ್ಲಿ ಡಾ. ವಿಭು ಪ್ರಕಾಶ್ ಅವರು ಹಿಂದಿನ ದಶಕದಲ್ಲಿಯೇ ರಣಹದ್ದುಗಳ ಲೆಕ್ಕವನ್ನು ಬರೆದಿಟ್ಟಿದ್ದುದರಿಂದ ಈ ಕುಸಿತ ಕಣ್ಣಿಗೆ ಬಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಔಷಧಿಯೇ ಮೃತದೇಹವನ್ನು ತಿಂದ ಹದ್ದುಗಳಿಗೆ ವಿಷವಾಗುತ್ತಿತ್ತೆಂಬುದು ತರುವಾಯ ಪತ್ತೆಯಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಆದರೆ ಅಷ್ಟರಲ್ಲಿ ಬಹುಪಾಲು ಹಕ್ಕಿಗಳು ಇಲ್ಲವಾಗಿದ್ದವು. ಲೆಕ್ಕವಿಲ್ಲದ ಕಡೆ ನಷ್ಟವೂ ಕಾಣುವುದಿಲ್ಲ.

ಇಂದು ಅಂತಹುದೇ ಎಚ್ಚರಿಕೆ ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ವಿಷಯದಲ್ಲಿ ಕೇಳಿಬಂದಿದೆ. ಸುಮಾರು 30,000 ಪಕ್ಷಿವೀಕ್ಷಕರು ಕೂಡಿಹಾಕಿದ ಮಾಹಿತಿಯ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ವಿಶೇಷ ಕಾಳಜಿ ಬೇಕೆಂದಿತು. ನವಿಲು, ಕೋಗಿಲೆಗಳು ಹೆಚ್ಚುತ್ತಿವೆ. ನೀಲಕಂಠ ಗಣನೀಯವಾಗಿ ಇಳಿಯುತ್ತಿದೆ. ತಂತಿಯ ಮೇಲೆ ಕುಳಿತು ಹೊಲದ ಕೀಟಗಳನ್ನು ಹಿಡಿಯುವ, ಹಾರಿದಾಗ ರೆಕ್ಕೆಯ ನೀಲಿಯನ್ನು ಬಿಚ್ಚಿ ತೋರುವ ಈ ಹಕ್ಕಿ ರೈತನ ಮಿತ್ರ. ಹಳೆಯ ಮರಗಳ ಪೊಟರೆಯಲ್ಲಿ ಅದು ಗೂಡುಮಾಡುತ್ತದೆ.

ಇಲ್ಲಿಯೇ ನಮ್ಮ ನಾಲ್ಕು ತಾಲ್ಲೂಕುಗಳ ಬದುಕಿನ ಸೂಕ್ಷ್ಮವೊಂದಿದೆ. ಹೊಗೆಸೊಪ್ಪು ನಮ್ಮ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟ ಬೆಳೆ. ಮಕ್ಕಳ ಶಾಲಾಶುಲ್ಕ, ಮದುವೆಯ ವೆಚ್ಚ ಎಲ್ಲವೂ ಅದರಿಂದಲೇ. ಆದರೆ ಬ್ಯಾರನ್‌ನಲ್ಲಿ ಒಂದು ಕಿಲೋ ಎಲೆಯನ್ನು ಹದಗೊಳಿಸಲು ಹಲವು ಕಿಲೋ ಸೌದೆ ಉರಿಯಬೇಕು. ಆ ಸೌದೆಗಾಗಿ ಬದುವಿನ ಮರಗಳು, ಅದರಲ್ಲಿಯೂ ಒಣಗಿದ, ಪೊಟರೆಬಿದ್ದ ಮುದಿಮರಗಳು ಮೊದಲು ಉರುಳುತ್ತವೆ. ಮನುಷ್ಯನ ಕಣ್ಣಿಗೆ ನಿಷ್ಪ್ರಯೋಜಕವಾದ ಆ ಮರ ನೀಲಕಂಠಕ್ಕೆ, ಗೂಬೆಗೆ, ಗಿಳಿಗೆ ಹೆರಿಗೆಮನೆ. ಬೆಳೆಯನ್ನೇ ಬಿಡಿರೆಂದು ಹೇಳುವುದು ಸುಲಭ, ನಡೆಸುವುದು ಸುಲಭವಲ್ಲ. ಆದರೆ ಹೊಲಕ್ಕೊಂದು ಮುದಿಮರವನ್ನು ಉಳಿಸಿಕೊಳ್ಳುವುದು, ಸೌದೆಗೆಂದೇ ಬೇರೆ ಮರಗಳನ್ನು ಬೆಳೆಸಿಕೊಳ್ಳುವುದು ಅಸಾಧ್ಯವಲ್ಲ.

ಇಂಥ ತ್ಯಾಗ ಕನಸಿನ ಮಾತೆಂದು ಭಾವಿಸುವವರು ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬರಲಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆಮರಗಳಲ್ಲಿಯೇ ಗೂಡುಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಬಗೆಯುತ್ತಾರೆ. ಗೂಡಿರುವ ಮರದ ಹುಣಸೆಹಣ್ಣಿನ ಆದಾಯ ಕಡಮೆಯಾದರೂ ಸಹಿಸುತ್ತಾರೆ. ಅದಕ್ಕಾಗಿ ಅರಣ್ಯ ಇಲಾಖೆಯಿಂದ ಮರದ ಒಡೆಯರಿಗೆ ಒಂದಿಷ್ಟು ಧನಸಹಾಯ ದೊರೆಯುತ್ತದೆ. ಊರ ಯುವಕರ ಹೆಜ್ಜಾರ್ಲೆ ಬಳಗವು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಹಕ್ಕಿಯನ್ನು ಮೊದಲು ಕಾಪಾಡಿದ್ದು ಕಾನೂನಲ್ಲ, ಊರವರ ಮಮತೆ.

ನಮ್ಮ ಧರ್ಮಕೇಂದ್ರಗಳಿಗೂ ಇಂಥದೊಂದು ಆರಂಭಕ್ಕೆ ಸೊಗಸಾದ ಸಂದರ್ಭವಿದೆ. ಅಕ್ಟೋಬರ್ 2ರಿಂದ 8ರವರೆಗೆ ದೇಶಾದ್ಯಂತ ವನ್ಯಜೀವಿ ಸಪ್ತಾಹ. ಅದರ ನಡುವೆಯೇ, 4ರಂದು, ಸಂತ ಫ್ರಾನ್ಸಿಸ್ ಅಸ್ಸೀಸಿಯವರ ಹಬ್ಬ ಬರುತ್ತದೆ. ಹಕ್ಕಿಗಳನ್ನು ಸೋದರರೆಂದು ಕರೆದ ಆ ಸಂತರನ್ನು 1979ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಪರಿಸರ ಸಂರಕ್ಷಕರ ಪಾಲಕರೆಂದು ಘೋಷಿಸಿದರು. 1226ರಲ್ಲಿ ಅವರು ದೈವಾಧೀನರಾದುದರಿಂದ 2026ಕ್ಕೆ ಎಂಟುನೂರು ವರ್ಷ ತುಂಬುತ್ತದೆ. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಗೆ ಪ್ರತಿವರ್ಷ ಜೂನ್ 13ರಂದು ಸಾವಿರಾರು ಭಕ್ತರು ಹರಿದುಬರುತ್ತಾರೆ. ಅಲ್ಲಿಯ ಸಂತ ಅಂತೋಣಿಯವರೂ ಫ್ರಾನ್ಸಿಸರ ಸಭೆಗೇ ಸೇರಿದವರು. ಮೀನುಗಳಿಗೆ ಉಪದೇಶ ಮಾಡಿದರೆಂಬ ಐತಿಹ್ಯ ಅವರದು. ಆ ಹಬ್ಬಕ್ಕೆ ಎಂಟು ದಿನ ಮೊದಲು ಬರುವುದೇ ವಿಶ್ವ ಪರಿಸರ ದಿನ. ಪಂಚಾಂಗವೇ ನಮ್ಮನ್ನು ಕರೆಯುತ್ತಿದೆ.

ಕಾರ್ಯಕ್ರಮವೇನೂ ಕಠಿಣವಲ್ಲ. ಭಾನುವಾರ ಬೆಳಿಗ್ಗೆ ಪೂಜೆಗೆ ಮುನ್ನ ಐದಾರು ಮಕ್ಕಳಿಗೆ ಒಬ್ಬ ಹಿರಿಯರಂತೆ ತಂಡಗಳಾಗಿ ಕೆರೆಯ ಬಳಿಗೆ ಹೋಗಬಹುದು. ಒಂದೆಡೆ ಕನಿಷ್ಠ ಹದಿನೈದು ನಿಮಿಷ ಸದ್ದಿಲ್ಲದೆ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆಯಬೇಕು. ಹೆಸರು ತಿಳಿಯದಿದ್ದರೆ ಅಜ್ಜ ಅಜ್ಜಿಯರನ್ನು ಕೇಳಬಹುದು. ಕಾಡನ್ನೇ ಮನೆಯಾಗಿಸಿಕೊಂಡಿದ್ದ ಜೇನುಕುರುಬ ಹಿರಿಯರನ್ನು ಅತಿಥಿಗಳಾಗಿ ಆಹ್ವಾನಿಸಿದರೆ ಪುಸ್ತಕದಲ್ಲಿಲ್ಲದ ಪಾಠ ದೊರೆಯುತ್ತದೆ. ಪೂಜೆಯ ನಂತರ ಪಟ್ಟಿಯನ್ನು ಎಲ್ಲರ ಮುಂದೆ ಓದಿ, ಸೂಚನಾಫಲಕದಲ್ಲಿ ಅಂಟಿಸಬೇಕು. ಮೊಬೈಲ್ ಬಲ್ಲ ಯುವಕರು ಅದನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಬಹುದು. ಮರುವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಎಣಿಸಬೇಕು. ಎಣಿಕೆಗೆ ಬೆಲೆ ಬರುವುದು ಆಗಲೇ.

ಕೆಲವು ಎಚ್ಚರಿಕೆಗಳನ್ನು ಮರೆಯಲಾಗದು. ಅನುಮತಿಯಿಲ್ಲದೆ ಕಾಡನ್ನು ಪ್ರವೇಶಿಸುವುದು ಅಪರಾಧ. ಆನೆ, ಹುಲಿಗಳು ಓಡಾಡುವ ಕಾಡಂಚಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಗೂಡಿನ ಬಳಿ ಹೋಗುವುದು, ಮೊಟ್ಟೆ ಮುಟ್ಟುವುದು, ಚಿತ್ರಕ್ಕಾಗಿ ಹಕ್ಕಿಯನ್ನು ಎಬ್ಬಿಸುವುದು ಸಲ್ಲದು. ಹಕ್ಕಿಗಳು ತಂಗುವ ಮರದ ಕೆಳಗೆ ಹಬ್ಬದ ಪಟಾಕಿ ಹಚ್ಚದಿರುವುದೂ ಒಂದು ಸೇವೆಯೇ.

ಇನ್ನು ಕಾಡಂಚಿನ ನೆರೆಯವರ ಕಷ್ಟ. ಆನೆ ಬೆಳೆ ತುಳಿದಾಗ, ಹುಲಿ ಹಸುವನ್ನು ಕೊಂದಾಗ ಸರ್ಕಾರದ ಪರಿಹಾರಧನ ಉಂಟು. ಆದರೆ ಅರ್ಜಿ, ಪಹಣಿ, ಛಾಯಾಚಿತ್ರಗಳ ಗೋಜಲಿಗೆ ಅಂಜಿ ಕೈಬಿಡುವ ಬಡವರುಂಟು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ವೈಲ್ಡ್ ಸೇವೆ’ಯು ನಾಗರಹೊಳೆ, ಬಂಡೀಪುರಗಳ ಸುತ್ತಲ ರೈತರಿಗೆ ಇಂಥ ಅರ್ಜಿ ಸಲ್ಲಿಸಲು ನೆರವಾಯಿತು. ಅದೇ ಸಂಸ್ಥೆ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ಯು ಕಾಡಂಚಿನ ಶಾಲೆಗಳ ಮಕ್ಕಳಿಗೆ ಆಟ, ಕಥೆ, ಚಿತ್ರಗಳ ಮೂಲಕ ವನ್ಯಜೀವಿಗಳ ಪರಿಚಯ ಮಾಡಿಕೊಟ್ಟಿತು. ಓದು ಬರಹ ಬಲ್ಲ ನಮ್ಮ ಯುವಕ ಯುವತಿಯರು ನೆರೆಮನೆಯ ರೈತನ ಅರ್ಜಿಯೊಂದನ್ನು ಬರೆದುಕೊಟ್ಟರೆ ಅದು ರೈತನಿಗೂ ಆನೆಗೂ ಮಾಡಿದ ಉಪಕಾರ. ನಷ್ಟ ತುಂಬಿಕೊಂಡ ರೈತನ ಮನಸ್ಸಿನಲ್ಲಿ ಆನೆಯ ಮೇಲಿನ ಸಿಟ್ಟು ಒಂದಿಷ್ಟಾದರೂ ಇಳಿಯುತ್ತದೆ.

ಹಿಂದಿನ ಪೀಳಿಗೆಗೆ ವನ್ಯಜೀವಿಯ ಉತ್ಸವವೆಂದರೆ ಖೆಡ್ಡಾ. ಇಂದಿನ ಉಳ್ಳವರಿಗೆ ಅದು ಸಫಾರಿ. ಮುಂದಿನ ಪೀಳಿಗೆಗೆ ಅದು ಕೆರೆಯೇರಿಯ ಮೇಲೆ ಪುಸ್ತಕ ಹಿಡಿದು ನಿಂತ ಮಕ್ಕಳ ಸಾಲಾಗಲಿ. ಈ ವರ್ಷ ಬರೆದ ಪಟ್ಟಿಯಲ್ಲಿ ನೀಲಕಂಠದ ಹೆಸರಿದ್ದರೆ, ಮುಂದಿನ ವರ್ಷವೂ ಅದು ಇರುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಬದುವಿನ ಆ ಮುದಿಮರಕ್ಕೆ ಕೊಡಲಿ ಎತ್ತುವ ಮುನ್ನ ಅದರ ಪೊಟರೆಯತ್ತ ಒಮ್ಮೆ ಕಣ್ಣೆತ್ತಿ ನೋಡೋಣ.