ಗಬ್ಬೂರಿನಿಂದ ಜಾಲಹಳ್ಳಿಗೆ: ನಡೆಯುತ್ತ ನುಡಿಸುವವರ ಶಾಲೆ

ಹುಬ್ಬಳ್ಳಿಯ ದಕ್ಷಿಣದಂಚಿನ ಗಬ್ಬೂರು ಬಹಳ ಜನರಿಗೆ ಬೈಪಾಸಿನಿಂದಲೇ ಗೊತ್ತು. ಇಲ್ಲಿಂದ ಧಾರವಾಡದಾಚೆಯ ನರೇಂದ್ರದವರೆಗೆ ಸುಮಾರು 31 ಕಿ.ಮೀ. ಹಾದಿ, ರಾಷ್ಟ್ರೀಯ ಹೆದ್ದಾರಿ 48ರ ತುಂಡು. ಅದೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಬೆಳಗಾವಿ. ದಕ್ಷಿಣಕ್ಕೆ ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿದರೆ ಬೆಂಗಳೂರಿನ ಜಾಲಹಳ್ಳಿ ಕ್ರಾಸ್. ವಾಯುಪಡೆಯ ಬ್ಯಾಂಡಿಗೆ ಆಯ್ಕೆಯಾದವರ ಕಲಿಕೆ ಈ ಎರಡು ಕಡೆ ನಡೆಯುತ್ತದೆ. ಯೋಧನಾಗುವ ಪಾಠ ಬೆಳಗಾವಿ ಬಳಿಯ ಸಾಂಬ್ರಾದಲ್ಲಿ, ವಾದ್ಯದ ಪಾಠ ಜಾಲಹಳ್ಳಿಯ ವಾಯುಪಡೆ ನೆಲೆಯಲ್ಲಿ. ನಡುವೆ ಗಬ್ಬೂರು.

ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲ್‌ನಲ್ಲಿ ಕ್ಲಾರಿನೆಟ್ ನುಡಿಸುವವನೂ ಮೆಕ್ಯಾನಿಕ್ ಆಗಲಿರುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಡ್ರಿಲ್, ಓಟ, ರೈಫಲ್ ಎಲ್ಲರಿಗೂ ಸಮ. ಅಗ್ನಿವೀರವಾಯು ಮಹಿಳೆಯರ ಮೊದಲ ತಂಡ, 153 ಮಂದಿ, 2023ರ ಡಿಸೆಂಬರಿನಲ್ಲಿ ಹೊರಬಂದದ್ದು ಇದೇ ಮೈದಾನದಿಂದ.

ಜಾಲಹಳ್ಳಿಯ ಕಥೆ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗಾಗಿ ಇಲ್ಲೊಂದು ಆಸ್ಪತ್ರೆಯ ಊರೇ ಎದ್ದಿತ್ತು. ಅದನ್ನು ಕಟ್ಟುವುದಕ್ಕೆ ಇಟಲಿಯ ಯುದ್ಧಕೈದಿಗಳೂ ದುಡಿದರು. ಸ್ವಾತಂತ್ರ್ಯದ ನಂತರ ಈ ಸೀಮೆಗೆ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. ಇಂದು ಗಂಗಮ್ಮನ ಗುಡಿಯ ಸುತ್ತಲಿನ ಸಂತೆಯಂಥ ಗದ್ದಲಕ್ಕೆ ತಾಗಿಕೊಂಡೇ ನೆಲೆಯ ಗೋಡೆ ಇದೆ. ಒಳಗೆ ವಾದ್ಯಗಾರರ ತರಬೇತಿ ಸಂಸ್ಥೆ.

ಯಾವುದೇ ಸೇನಾ ಬ್ಯಾಂಡ್ ಶಾಲೆಯಲ್ಲಿ ವಾರ ಶುರುವಾಗುವುದು ಕಾಲಿನಿಂದ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಪಿ.ಟಿ., ಆಮೇಲೆ ಪರೇಡ್. ವಾದ್ಯ ಕೈಗೆ ಬಂದ ಮೇಲೂ ರಾಗವಿಲ್ಲ, ಹಾಡಿಲ್ಲ. ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಅಲುಗಾಡದಂತೆ ಹಿಡಿಯಬೇಕು. ಮೆಲ್ಲಗೆ ಎತ್ತಿ, ಏರಿಸಿ, ಮೆಲ್ಲಗೆ ಇಳಿಸಬೇಕು. ಧಾರವಾಡದ ಗುರುಗಳ ಮನೆಯಲ್ಲಿ ನಸುಕಿಗೆ ಎದ್ದು ಖರ್ಜ ಹಚ್ಚಿದವರಿಗೆ ಇದು ಹೊಸತಲ್ಲ. ಟ್ರಂಪೆಟ್ ಹಿಡಿದ ಹೊಸಬನ ತುಟಿ ಬಹಳ ಬೇಗ ಸೋಲುತ್ತದೆ. ಹೀಗಾಗಿ ಅಭ್ಯಾಸವನ್ನು ಸಣ್ಣ ಸಣ್ಣ ಪಾಳಿಯಾಗಿ ಒಡೆದು, ನಡುವೆ ಐದು ಗೆರೆಯ ನೋಟೇಶನ್ ಓದಿಸುತ್ತಾರೆ.

ನಮ್ಮ ಕಡೆಯವರಿಗೆ ಈ ಓದು ಕಷ್ಟವೆನಿಸಿದರೂ ಒಂದು ವಿಷಯ ಬೇಗ ಹತ್ತುತ್ತದೆ. ಟ್ರಂಪೆಟ್ ಮತ್ತು ಸಾಮಾನ್ಯ ಕ್ಲಾರಿನೆಟ್‌ನ ‘ಸಾ’ ನಿಲ್ಲುವುದು ಹಾರ್ಮೋನಿಯಂನ ಕಪ್ಪು ಐದರಲ್ಲಿ, ಆಲ್ಟೋ ಸ್ಯಾಕ್ಸೋಫೋನಿನದು ಕಪ್ಪು ಎರಡರಲ್ಲಿ. ಕಾಗದದ ಮೇಲೆ ಒಂದೇ ಸ್ವರ, ಕಿವಿಗೆ ಬೇರೆ ಶ್ರುತಿ. ಪಿಯಾನೋದಿಂದ ಬಂದವರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ಹಾಡುವವರ ಕಂಠಕ್ಕೆ ತಕ್ಕಂತೆ ‘ಸಾ’ ಬದಲಿಸಿ ಸಾಥ್ ಕೊಟ್ಟವರಿಗೆ ಅದು ದಿನನಿತ್ಯದ ಕೆಲಸ. ಕಷ್ಟ ಬೇರೆಡೆ ಇದೆ. ಮೀಂಡ್ ಎಳೆಯುವ ಬೆರಳನ್ನು ಕಟ್ಟಿಹಾಕಬೇಕು. ಪಕ್ಕದ ಹತ್ತು ಜನ ಸ್ವರ ಬಿಟ್ಟ ಕ್ಷಣದಲ್ಲೇ ತಾನೂ ಬಿಡಬೇಕು.

ವಾರದ ನಡುವೆ ವಾದ್ಯ ಮೈದಾನಕ್ಕೆ ಇಳಿಯುತ್ತದೆ. ತೇಜ್ ಚಲ್ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ಬೀಳಬೇಕು. ಹಿಮ್ಮಡಿ ಕುಕ್ಕಿದರೆ ಪೆಟ್ಟು ನೇರ ತುಟಿಗೆ, ಸ್ವರ ಒಡೆಯುತ್ತದೆ. ಅದಕ್ಕೇ ಪಾದವನ್ನು ಹಿಮ್ಮಡಿಯಿಂದ ಬೆರಳಿನತ್ತ ಉರುಳಿಸಿ ಇಡುವುದನ್ನು ಕಲಿಯುತ್ತಾರೆ. ತಿರುವಿನಲ್ಲಿ ಒಳಸಾಲಿನವರು ಹೆಜ್ಜೆ ಗಿಡ್ಡ ಮಾಡುತ್ತಾರೆ, ಹೊರಸಾಲಿನವರು ಉದ್ದ ಹಾಕುತ್ತಾರೆ, ಲಯ ಮಾತ್ರ ಕದಲುವಂತಿಲ್ಲ. ಡ್ರಮ್ ಮೇಜರ್ ಕೈಯ ಕೋಲು ಏಳುವುದನ್ನು, ಬೀಳುವುದನ್ನು ಕಣ್ಣು ಗಮನಿಸುತ್ತಿರುವಾಗಲೇ ಬೆರಳು ಬಾಯಿಪಾಠದ ಮೇಲೆ ಓಡಬೇಕು. ಸೈನಿಕ ವಾದ್ಯಗಾರನ ವಿದ್ಯೆಯಲ್ಲಿ ಅತಿ ಕಠಿಣವಾದದ್ದು ಇದೇ, ಪರೇಡ್ ನೋಡುವವರು ಗುರುತಿಸದೇ ಬಿಡುವುದೂ ಇದನ್ನೇ.

ವಾರದ ಕೊನೆ ಉಜ್ಜುವ ಕೆಲಸಕ್ಕೆ. ಹಿತ್ತಾಳೆ ವಾದ್ಯದೊಳಗಿನ ನೀರು ಬಸಿಯುವುದು, ವಾಲ್ವಿಗೆ ಎಣ್ಣೆ, ಬೆಲ್ಟಿನ ಬಕಲ್ಲಿಗೂ ಟ್ಯೂಬಾದ ಬಾಯಿಗೂ ಬ್ರಾಸೊ. ಭಾನುವಾರ ಬಟ್ಟೆ, ಇಸ್ತ್ರಿ, ಮನೆಗೆ ಫೋನು.

ಭೂಸೇನೆಯ ಬ್ಯಾಂಡಿನವರ ದಾರಿ ಮಧ್ಯಪ್ರದೇಶದ ಪಚ್‌ಮಢಿಗೆ. ಅಲ್ಲಿನ ಸೇನಾ ಸಂಗೀತ ಶಾಲೆ ಆರಂಭವಾದದ್ದು 1950ರಲ್ಲಿ, ಕೊಡಗಿನ ಕೆ.ಎಂ. ಕಾರ್ಯಪ್ಪ ದಂಡನಾಯಕರಾಗಿದ್ದಾಗ. ಭೂಸೇನೆಯ ವಾದ್ಯಗಾರರು ಯುದ್ಧಕಾಲದಲ್ಲಿ ಗಾಯಾಳುಗಳ ಸ್ಟ್ರೆಚರ್ ಹೊರುವವರೂ ಹೌದು.

ಬ್ರಿಟಿಷ್ ಮಾರ್ಚುಗಳ ಕಾಲ ಹಿಂದೆ ಸರಿದಿದೆ. ದೆಹಲಿಯ ವಿಜಯ ಚೌಕದಲ್ಲಿ 2023ರ ಜನವರಿ 29ರಂದು ನಡೆದ ಬೀಟಿಂಗ್ ರಿಟ್ರೀಟ್‌ಗೆ ಸೇನಾ ಬ್ಯಾಂಡುಗಳು ಭಾರತೀಯ ರಾಗಗಳನ್ನು ಆಧರಿಸಿದ 29 ರಚನೆಗಳನ್ನು ಸಿದ್ಧಪಡಿಸಿದ್ದವು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ ಅವಳಿ ನಗರದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸುದ್ದಿ ಯಾವುದು? ಸುತ್ತಲಿನ ಹಳ್ಳಿಗಳಲ್ಲಿ ಕರಡಿ ಮಜಲಿನವರು ಸನಾದಿ ಊದುತ್ತ ಮೈಲಿಗಟ್ಟಲೆ ಮೆರವಣಿಗೆ ನಡೆಯುತ್ತಾರೆ. ಮದುವೆಯ ಬ್ಯಾಂಡ್ ಕಂಪನಿಗಳ ಹುಡುಗರು ಟ್ರಂಪೆಟ್ ಹಿಡಿದು ಬಿಸಿಲಲ್ಲಿ ನಿಲ್ಲುತ್ತಾರೆ. ನಡೆಯುತ್ತ ನುಡಿಸುವ ಕಸುವು ಅವರಿಗೆ ಬಾಲ್ಯದಿಂದಲೇ ಇದೆ. ಈ ನೌಕರಿಯ ಸುದ್ದಿ ಅವರ ಓಣಿಗಳಿಗೂ ತಲುಪಬೇಕು.

ಅಗ್ನಿವೀರವಾಯು (ವಾದ್ಯಗಾರ) ಹುದ್ದೆಗೆ ಹತ್ತನೇ ತರಗತಿ ಪಾಸಾದ, ಮದುವೆಯಾಗದ ಯುವಕ ಯುವತಿಯರು ಅರ್ಜಿ ಹಾಕಬಹುದು. 2024ರ ಜುಲೈನಲ್ಲಿ ಆಯ್ಕೆ ನಡೆದ ಎರಡು ಊರುಗಳಲ್ಲಿ ಬೆಂಗಳೂರೂ ಒಂದು. ಸೇವೆ ನಾಲ್ಕು ವರ್ಷ, ಮೊದಲ ವರ್ಷದ ಮಾಸಿಕ ಪ್ಯಾಕೇಜ್ 30,000 ರೂಪಾಯಿ. ಕಾಯಂ ಆಗುವವರು ಗರಿಷ್ಠ ಶೇ 25. ಈ ಕೊನೆಯ ಅಂಕಿಯನ್ನು ಮನೆಯವರೆಲ್ಲ ಕೂತು ಯೋಚಿಸಬೇಕು. ಪರೀಕ್ಷೆಯಲ್ಲಿ ಮೊದಲು ವಾದ್ಯ, ಓಟ ಆಮೇಲೆ: 1.6 ಕಿ.ಮೀ. ದೂರವನ್ನು ಯುವಕರು ಏಳು ನಿಮಿಷದಲ್ಲಿ, ಯುವತಿಯರು ಎಂಟರಲ್ಲಿ ಮುಗಿಸಬೇಕು. ಸಿದ್ಧಪಡಿಸಿಕೊಂಡ ರಚನೆಯೊಂದನ್ನು ನುಡಿಸುವುದರ ಜತೆಗೆ ನೋಟೇಶನ್ ನೋಡಿ ನುಡಿಸುವುದೂ ಬರಬೇಕು. ಆ ನೋಟೇಶನ್ ಪಾಶ್ಚಾತ್ಯದ್ದೇ ಆಗಬೇಕೆಂದಿಲ್ಲ. ಕರ್ನಾಟಕ ಸಂಗೀತದ್ದೂ ಹಿಂದೂಸ್ತಾನಿಯದ್ದೂ ನಡೆಯುತ್ತದೆ.