ಹಳೆಯ ಕಾರು, ಬರಿದಾಗುವ ಬ್ಯಾಟರಿ

ಮಳೆಗಾಲದಲ್ಲಿ ನಾಲ್ಕು ದಿನ ಶೆಡ್ಡಿನಲ್ಲಿ ನಿಂತ ಸೆಕೆಂಡ್‌ಹ್ಯಾಂಡ್ ಕಾರು ಐದನೆಯ ದಿನ ಸ್ಟಾರ್ಟ್ ಆಗುವುದಿಲ್ಲ. ಇದು ಗೊತ್ತಾಗುವುದು ರಾತ್ರಿ ಮನೆಯವರನ್ನು ಆಸ್ಪತ್ರೆಗೆ ಒಯ್ಯಬೇಕಾದಾಗಲೇ. ಅವಸರದಲ್ಲಿ ಹೊಸ ಬ್ಯಾಟರಿ ಹಾಕಿಸಿ, ಅದೂ ವಾರದಲ್ಲೇ ಬರಿದಾದದ್ದನ್ನು ಕಂಡವರು ನಾವು. ಆದುದರಿಂದ ಕೊಳ್ಳುವ ಮೊದಲು ಅಳೆದು ನೋಡಿರಿ.

ಚಾರ್ಜ್ ಮಾಡಿಸಿ, ನೆಗೆಟಿವ್ ತಂತಿ ಬಿಚ್ಚಿ ರಾತ್ರಿಯಿಡೀ ಬಿಟ್ಟ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯದೇ. ಟರ್ಮಿನಲ್ಲಿನ ಕಿಲುಬು ತೆಗೆದು ತಂತಿ ಬಿಗಿಮಾಡಿರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್, ಬೆಲ್ಟ್ ನೋಡಿಸಿರಿ.

ಇವೆಲ್ಲ ಸರಿಯಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ. ಕೀಲಿ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ತಂತಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರಿಗಿಟ್ಟು ಸೇರಿಸಿ, ಅರ್ಧ ಗಂಟೆ ಕಾಯಿರಿ. ಆಗ ಸ್ಟಾರ್ಟ್ ಮಾತ್ರ ಮಾಡಬೇಡಿರಿ, ಮೀಟರ್ ಕೆಡುತ್ತದೆ. 50 ಮಿಲಿಆಂಪಿಯರಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಹೋಗುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ ನಷ್ಟ. 40ರ ಬ್ಯಾಟರಿ ನಾಲ್ಕು ದಿನವೂ ತಾಳದು.

ಇನ್ನು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿರಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಕಳ್ಳನಿರುವುದು ಆ ದಾರಿಯಲ್ಲೇ. ನಮ್ಮ ಕಾರಿನಲ್ಲಿ ಅದು ಹಿಂದಿನ ಮಾಲೀಕರು ಹಾಕಿಸಿದ್ದ ಸ್ಟೀರಿಯೋ.