ಬಾರದ ಮೇಲ್ ಬಾಗಿಲು ತಟ್ಟುವುದಿಲ್ಲ

‘ಟೆಸ್ಟ್ ಲಿಂಕ್ ನಂಗೆ ಬಂದೇ ಇಲ್ಲ ಕಣೋ. ಮಿಕ್ಕವರಿಗೆಲ್ಲ ಬಂದಿತ್ತಂತೆ...’

ಕುಣಿಗಲ್‌ನಿಂದ ಗೆಳೆಯ ಫೋನ್ ಮಾಡಿದಾಗ ಇಂಟರ್ನ್‌ಶಿಪ್‌ನ ಆನ್‌ಲೈನ್ ಪರೀಕ್ಷೆ ಮುಗಿದು ಒಂದು ದಿನವಾಗಿತ್ತು. ‘ಸ್ಪ್ಯಾಮ್ ನೋಡಿದ್ಯಾ?’ ಎಂದೆ. ಅಲ್ಲೂ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ‘ಅರ್ಜಿಯಲ್ಲಿ ಕಾಲೇಜಿನ ಮೇಲ್ ವಿಳಾಸ ಕೊಡು, ಚೆನ್ನಾಗಿ ಕಾಣುತ್ತೆ’ ಎಂದು ಅವನಿಗೆ ಹೇಳಿದವನು ನಾನೇ. ಆ ಮೇಲ್ ಸರ್ವರ್ ನೋಡಿಕೊಳ್ಳುವ ವಿದ್ಯಾರ್ಥಿ ತಂಡದಲ್ಲಿ ಇರುವವನೂ ನಾನೇ.

ನಾನು ಗುಬ್ಬಿಯವನು. ತುಮಕೂರಿನಲ್ಲಿ ಬಿಇ ಓದುತ್ತಿದ್ದೇನೆ. ನಮ್ಮ ತಾತ ಪೋಸ್ಟ್‌ಮ್ಯಾನ್ ಆಗಿದ್ದವರು. 1972ರಲ್ಲಿ ಪಿನ್‌ಕೋಡ್ ಬಂದ ಮೇಲೆ ಕಾಗದ ವಿಂಗಡಿಸುವುದು ಎಷ್ಟು ಸುಲಭವಾಯಿತೆಂದು ಅವರು ಹೇಳುತ್ತಿದ್ದರು. 572 ಎಂದರೆ ತುಮಕೂರಿನ ಕಡೆಯದು. ಮುಂದಿನ ಮೂರು ಅಂಕಿ 216 ಇದ್ದರೆ ಗುಬ್ಬಿಗೆ, 130 ಇದ್ದರೆ ಕುಣಿಗಲ್‌ಗೆ. ಇಮೇಲ್ ಕೂಡ ಹೀಗೇ ದಾರಿ ಹುಡುಕುತ್ತದೆ. ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರದ ಹೆಸರನ್ನು ಹಿಡಿದು, ಅದರ ಮೇಲ್ ಪಡೆಯುವ ಸರ್ವರ್ ಯಾವುದು ಎಂದು ಡಿಎನ್‌ಎಸ್‌ನ ಎಂಎಕ್ಸ್ ದಾಖಲೆಯಲ್ಲಿ ನೋಡುತ್ತದೆ. ಹಲವು ಸರ್ವರ್‌ಗಳಿದ್ದರೆ ಚಿಕ್ಕ ಸಂಖ್ಯೆಯದ್ದಕ್ಕೆ ಮೊದಲ ಆದ್ಯತೆ.

ಆ ಸರ್ವರ್ 4ರಿಂದ ಶುರುವಾಗುವ ಉತ್ತರ ಕೊಟ್ಟರೆ ‘ಆಮೇಲೆ ಬಾ’ ಎಂದರ್ಥ. ಮೇಲ್ ಸರದಿಯಲ್ಲಿ ಕಾಯುತ್ತದೆ. ನಾವು ಬಳಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ, ಸೆಟ್ಟಿಂಗ್ ಬದಲಿಸದಿದ್ದರೆ, ಐದು ದಿನ ಪ್ರಯತ್ನ ಬಿಡುವುದಿಲ್ಲ. 5ರಿಂದ ಶುರುವಾದರೆ ‘ಬೇಡ’ ಎಂದೇ ಅರ್ಥ. ಮೇಲ್ ಕಳುಹಿಸಿದವರಿಗೆ ವಾಪಸ್ ಹೋಗುತ್ತದೆ. ಪಡೆಯಬೇಕಾದವರಿಗೆ ಸುದ್ದಿಯೇ ಇರುವುದಿಲ್ಲ.

ಅವತ್ತು ಸಂಜೆ ಲ್ಯಾಬ್‌ನಲ್ಲಿ ಲಾಗ್ ತೆರೆದೆ. ಕಂಪನಿಯ ಮೇಲ್ ನಮ್ಮ ಸರ್ವರ್‌ಗೆ ಸರಿಯಾಗಿಯೇ ಬಂದಿತ್ತು. ಗೆಳೆಯನ ಕೋರಿಕೆಯಂತೆ ಅದನ್ನು ಅವನ ಜಿಮೇಲ್‌ಗೆ ಫಾರ್ವರ್ಡ್ ಮಾಡಿತ್ತು. ಅಲ್ಲಿಂದ ಬಂದ ಉತ್ತರ: 550.

ಕಾರಣ ಹುಡುಕಲು ರಾತ್ರಿಯಾಯಿತು. ತನ್ನ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂದು ಕಂಪನಿ ಮೊದಲೇ ಪಟ್ಟಿ ಪ್ರಕಟಿಸಿರುತ್ತದೆ. ಅದು ಎಸ್‌ಪಿಎಫ್. ಫಾರ್ವರ್ಡ್ ಮಾಡಿದ ನಮ್ಮ ಸರ್ವರ್ ಆ ಪಟ್ಟಿಯಲ್ಲಿಲ್ಲ. ಆದರೂ ಡಿಕಿಮ್ ಎಂಬ ಡಿಜಿಟಲ್ ಮೊಹರು ಒಡೆಯದೆ ಉಳಿದಿದ್ದರೆ ಮೇಲ್ ಪಾರಾಗುತ್ತಿತ್ತು. ಮೊಹರು ಒಡೆದದ್ದು ನನ್ನಿಂದ. ಪ್ರತಿ ಮೇಲ್‌ನ ಕೊನೆಗೆ ವಿಭಾಗದ ಹೆಸರು ಮತ್ತು ‘ಶುಭವಾಗಲಿ’ ಎಂಬ ಸಾಲು ಸೇರಿಸುವ ಫಿಲ್ಟರ್ ಬರೆದಿದ್ದೆ. ಒಳಗಿನ ಬರಹ ಬದಲಾದರೆ ಮೊಹರು ಹೊಂದುವುದಿಲ್ಲ. ಎರಡೂ ತಾಳೆಯಾಗದ ಮೇಲ್ ತಿರಸ್ಕರಿಸಿ ಎಂದು ಕಂಪನಿಯ ಡಿಮಾರ್ಕ್ ನಿಯಮ ಹೇಳುತ್ತಿತ್ತು. ನಮ್ಮ ಪರೀಕ್ಷಾ ಮೇಲ್‌ಗಳನ್ನು ಇಷ್ಟು ಕಟ್ಟುನಿಟ್ಟಿಲ್ಲದ ವಿಳಾಸದಿಂದ ಕಳುಹಿಸಿದ್ದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

ಫಿಲ್ಟರ್ ತೆಗೆದೆ. ಫಾರ್ವರ್ಡ್ ಆಗುವ ಪ್ರತಿ ಮೇಲ್‌ನ ಒಂದು ಪ್ರತಿ ನಮ್ಮಲ್ಲೂ ಉಳಿಯುವಂತೆ ಮಾಡಿದೆ. ಬದಲಿಸಿದ್ದು ಕೆಲವೇ ಸಾಲು. ಕಂಪನಿಗೆ ವಿಷಯ ತಿಳಿಸಿ ಬರೆದೆವು. ಪರೀಕ್ಷೆ ಮತ್ತೆ ನಡೆಸುವುದಿಲ್ಲ ಎಂಬ ಉತ್ತರ ಬಂತು.

ಮರುದಿನ ತುಮಕೂರು ಬಸ್ ನಿಲ್ದಾಣದಲ್ಲಿ ಗೆಳೆಯ ಸಿಕ್ಕ. ಎಲ್ಲವನ್ನೂ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ನೀನು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಹೋಗ್ಲಿ ಬಿಡು, ಇನ್ನೊಬ್ಬರಿಗೆ ಹೀಗಾಗದ ಹಾಗೆ ನೋಡ್ಕೋ’ ಎಂದು ಕುಣಿಗಲ್ ಬಸ್ ಹತ್ತಿದ. ಬೈದಿದ್ದರೇ ವಾಸಿಯಿತ್ತು.

ಕೆಲಸ ಹುಡುಕುತ್ತಿರುವ ಗೆಳೆಯರೇ, ಅರ್ಜಿಯಲ್ಲಿ ನೀವು ನೇರವಾಗಿ ತೆರೆದು ಓದುವ ವಿಳಾಸವನ್ನೇ ಕೊಡಿ. ಸ್ಪ್ಯಾಮ್ ಫೋಲ್ಡರ್ ದಿನಕ್ಕೊಮ್ಮೆಯಾದರೂ ನೋಡಿ. ಜೊತೆಯವರಿಗೆ ಬಂದದ್ದು ನಿಮಗೆ ಬರದಿದ್ದರೆ ಸಂಕೋಚಪಡದೆ ಅಂದೇ ಕೇಳಿ.

ನಾನೂ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಮೊದಲ ತರಗತಿಗೆ ಮುಂಚೆ ಲಾಗ್ ತೆರೆದು ವಾಪಸಾದ ಮೇಲ್‌ಗಳನ್ನು ನೋಡುತ್ತೇನೆ. ಒಂದಿದ್ದರೂ ಆ ವಿದ್ಯಾರ್ಥಿಗೆ ಫೋನ್ ಮಾಡಿಯೇ ತರಗತಿಗೆ ಹೋಗುವುದು.